ಎಣ್ಣೆ ಕುಡಿಯುವ ಎಂಜಿನ್

“ಗುರುಗಳೇ, ನೇಕಾರರಿಗೆ ಮಧ್ಯಾಹ್ನ ಕೊಡುವ ಅಂಬಲಿಯನ್ನು ನಿಲ್ಲಿಸಿದರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಮಠದ ಮಗ್ಗದ ಮನೆ ಅವನ ಉಸ್ತುವಾರಿಯಲ್ಲಿತ್ತು. ಬೇರೆಲ್ಲೂ ಈ ಪದ್ಧತಿ ಇಲ್ಲ, ಕುಡಿದ ಅಂಬಲಿ ಬಟ್ಟೆಯಲ್ಲಿ ಕಾಣುವುದೂ ಇಲ್ಲ ಎಂಬುದು ಅವನ ವಾದ. ಅಂಬಲಿಯನ್ನು ಮನೆಗೆ ಕದ್ದೊಯ್ಯುತ್ತಾನೆಂಬ ಅನುಮಾನದ ಮೇಲೆ ಒಬ್ಬ ನೇಕಾರನನ್ನು ಆ ಬೆಳಿಗ್ಗೆಯಷ್ಟೇ ಹೊರಗೆ ಹಾಕಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಸಾಹುಕಾರನ ಬಳಿ ಒಬ್ಬ ಡ್ರೈವರ್ ಇದ್ದ. ಹಳೆಯ ಜೀಪೊಂದನ್ನು ಹನ್ನೆರಡು ವರ್ಷ ಓಡಿಸಿದವನು. ಅದರ ಎಂಜಿನ್ನಿನೊಳಗೆ ನಾಲ್ಕು ಪಿಸ್ಟನ್‌ಗಳು ಬಡಿದಾಡುತ್ತಿದ್ದವು. ಗಾಡಿ ನಡುಗುತ್ತಿತ್ತು, ಗೊಣಗುತ್ತಿತ್ತು. ಸಾಹುಕಾರನಿಗೆ ಅದರಲ್ಲಿ ಕೂರಲು ನಾಚಿಕೆ. ಹೊರದೇಶದಿಂದ ರೋಟರಿ ಎಂಜಿನ್ನಿನ ಕಾರು ತರಿಸಿದ. ಅದರಲ್ಲಿ ಪಿಸ್ಟನ್ ಇಲ್ಲ. ಮೂರು ಮೂಲೆಯ ಕಬ್ಬಿಣದ ಗಟ್ಟಿಯೊಂದು ಗೂಡಿನೊಳಗೆ ಸುತ್ತುತ್ತದೆ, ಅಷ್ಟೇ. ಬಾನೆಟ್ ಮೇಲೆ ತುಂಬಿದ ಲೋಟ ಇಟ್ಟರೂ ಹನಿ ತುಳುಕದು. ಬಂದವರಿಗೆಲ್ಲ ಸಾಹುಕಾರ ಲೋಟ ಇಟ್ಟು ತೋರಿಸಿದ.

ಲೋಟದ ಆಟ ಸಾಹುಕಾರನದು, ಗಾಡಿಯ ಪಾಡು ಡ್ರೈವರನದು. ಅದು ಜೀಪಿಗಿಂತ ಹೆಚ್ಚು ಪೆಟ್ರೋಲು ಕುಡಿಯಿತು. ಏರಿನಲ್ಲಿ ವೇಗ ಇಳಿದರೆ ಎಳೆಯುತ್ತಿರಲಿಲ್ಲ. ತಣ್ಣಗಿದ್ದಾಗ ಚಾಲೂ ಮಾಡಿ, ನಾಲ್ಕು ಮಾರು ಸರಿಸಿ ಆಫ್ ಮಾಡಿದರೆ ಒಳಗೆ ಪೆಟ್ರೋಲು ತುಂಬಿಕೊಂಡು ಮುಷ್ಕರ ಹೂಡುತ್ತಿತ್ತು. ಇದನ್ನೆಲ್ಲ ಅವನು ಸಹಿಸಿದ. ಆದರೆ ಎಂಜಿನ್ ಎಣ್ಣೆಯೂ ವಾರವಾರ ಇಳಿಯುತ್ತಿತ್ತು. ಅವನು ಡಬ್ಬಿಯಿಂದ ತುಂಬುತ್ತಿದ್ದ.

“ಎಣ್ಣೆ ಕುಡಿಯುವುದು ಗಾಡಿಯೋ ನೀನೋ?” ಎಂದು ಸಾಹುಕಾರ ನಾಲ್ಕು ಜನರೆದುರು ಕೇಳಿದ. “ಜೀಪು ಹೀಗೆ ಕೇಳಿದ್ದೇ ಇಲ್ಲವಲ್ಲ.”

“ಧಣಿ, ಆ ಗಟ್ಟಿಯ ಮೂರು ಮೂಲೆಗೂ ಒಂದೊಂದು ಸಣ್ಣ ಪಟ್ಟಿ ಇದೆ. ಸುತ್ತು ಸುತ್ತಿಗೂ ಗೋಡೆಗೆ ಉಜ್ಜುವುದು ಅವೇ. ಅವುಗಳ ಬಾಯಿಗೆ ಹನಿ ಎಣ್ಣೆ ಬೀಳಲೇಬೇಕು. ಬಿದ್ದದ್ದು ಉರಿದು ಹೋಗುತ್ತದೆ. ಈ ಎಂಜಿನ್ ಹುಟ್ಟಿದ್ದೇ ಹಾಗೆ.”

ಕಳ್ಳನಿಗೊಂದು ಪಿಳ್ಳೆ ನೆವ ಎಂದು ಜನ ನಕ್ಕರು. ಸಾಹುಕಾರ ಒಂದು ಪರೀಕ್ಷೆ ಇಟ್ಟ. ಒಳಕ್ಕೆ ಎಣ್ಣೆ ಹೋಗುವ ನಳಿಕೆಯನ್ನು ಮುಚ್ಚಿಸುವುದು. ಗಾಡಿ ನಿಂತರೆ ಡ್ರೈವರ್ ಸಾಚಾ, ಓಡಿದರೆ ಕಳ್ಳ.

“ಓಡುತ್ತದೆ ಧಣಿ. ನನಗೆ ಭಯ ಇರುವುದು ಅದಕ್ಕೇ” ಎಂದ ಡ್ರೈವರ್.

ನಳಿಕೆ ಮುಚ್ಚಿದರು. ಗಾಡಿ ಓಡಿತು. ಮರುವಾರವೂ ಓಡಿತು. ಎಣ್ಣೆ ಇಳಿಯಲಿಲ್ಲ, ಹೊಗೆಯೂ ಕಡಿಮೆಯಾಯಿತು. ಡ್ರೈವರನನ್ನು ಕಳ್ಳನೆಂದು ಹೊರಗೆ ಹಾಕಿದರು. ಆ ಸೀಮೆಯಲ್ಲಿ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಅವನು ಸಂತೆಯಲ್ಲಿ ಮೂಟೆ ಹೊತ್ತ.

ಮೂರನೆಯ ತಿಂಗಳು ಕಾರು ಏರಿನ ನಡುವೆ ನಿಂತಿತು. ಗೊಣಗಿ ಅಭ್ಯಾಸವಿಲ್ಲದ ಗಾಡಿ, ಮುಂಚೆ ಒಂದು ಸೂಚನೆಯನ್ನೂ ಕೊಡಲಿಲ್ಲ. ಪಟ್ಟಿಗಳು ಸವೆದು ಹೋಗಿದ್ದವು. ಜೀಪಾಗಿದ್ದರೆ ಒಂದು ಪಿಸ್ಟನ್ ಕೆಟ್ಟರೂ ಉಳಿದ ಮೂರು ಕುಂಟುತ್ತ ಮನೆ ಮುಟ್ಟಿಸುತ್ತಿದ್ದವು. ಇದನ್ನು ಪೂರ್ತಿ ಬಿಚ್ಚಬೇಕು, ಬಿಚ್ಚಬಲ್ಲವರು ಅಲ್ಲಿ ಇರಲಿಲ್ಲ. ಎತ್ತು ಕಟ್ಟಿ ಎಳೆದು ತಂದರು.

ಡ್ರೈವರ್ ಮೂಟೆ ಹೊತ್ತು ದಾರಿ ಬದಿಯಲ್ಲಿ ನಿಂತಿದ್ದ. ನಗಲಿಲ್ಲ. ಸಾಹುಕಾರ ಅವನನ್ನು ಕಂಡು ಮುಖ ತಿರುಗಿಸಿದ. ಎಂಜಿನ್ ಯಾಕೆ ಸತ್ತಿತೆಂದು ಈಗ ಊರಿಗೆಲ್ಲ ಗೊತ್ತಿತ್ತು. ಆದರೂ ಕಳ್ಳ ಎಂದು ಅಂದ ಮಾತನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. “ಆಮೇಲಾದರೂ ಸಾಹುಕಾರ ಅವನನ್ನು ಕರೆಸಿಕೊಂಡನೇ?” ಎಂದು ಶಿಷ್ಯ ಕೇಳಿದ.

“ಅದನ್ನು ನನ್ನನ್ನೇಕೆ ಕೇಳುತ್ತೀಯೆ?” ಎಂದರು ಗುರುಗಳು. “ಸಾಹುಕಾರನ ಸೀಟಿನಲ್ಲಿ ಕೂತಿರುವವನು ನೀನು.”