ಅಂಜನದಲ್ಲಿ ಕಂಡ ಮುಖ

ಕೇತ ಅರಮನೆಯ ಅನ್ನ ತಿಂದು ಬೆಳೆದವನು. ಅರಸನಿಗೆ ಅಂಜನ ನೋಡಿ ಹೇಳುವುದು ಅವನ ಊಳಿಗ.

ಹೆಬ್ಬೆರಳಿನ ಉಗುರಿಗೆ ದೀಪದ ಕಾಡಿಗೆ ಬಳಿದುಕೊಂಡು ಕೂರುವನು. ಕೇಳುವವರು ಅವನ ನೆತ್ತಿಯ ಮೇಲೆ ಕೈಯಿಟ್ಟು ಕೇಳಬೇಕು. ಅದು ಆ ವಿದ್ಯೆಯ ಪದ್ಧತಿ. ಆ ಕಪ್ಪಿನೊಳಗೆ ತಪ್ಪು ಮಾಡಿದವನ ಮುಖ ಮೂಡುವುದು. ಕೇತ ಹೆಸರು ಹೇಳುವನು. ಅರಸ ದಂಡಿಸುವನು.

ವಿದ್ಯೆ ಕಲಿಸಿದವರು ಹೊಳೆಯ ದಡದ ಸೋಮರಾಶಿ ಗುರುಗಳು.

ಒಂದು ಸಂಜೆ ಕೇತ ಏದುಸಿರು ಬಿಡುತ್ತ ಆಶ್ರಮಕ್ಕೆ ಬಂದ.

"ಗುರುಗಳೇ, ಅರಸರ ಹಾಲಿನಲ್ಲಿ ವಿಷವಿತ್ತು. ನೆಕ್ಕಿದ ಬೆಕ್ಕು ಸತ್ತುಬಿದ್ದಿದೆ. ಹಾಲು ತಂದವಳು ಸಬ್ಬವ್ವ ಅಂತ ಅವಳನ್ನು ಸೆರೆಯಲ್ಲಿಟ್ಟಿದ್ದಾರೆ. ನಾಳೆ ಸಭೆಯಲ್ಲಿ ನಾನು ಅಂಜನ ನೋಡಬೇಕು. ಹೆಸರು ಬಂದವರಿಗೆ ಆನೆಯ ಕಾಲಡಿ ಸಾವು."

"ಯಾವ ಸಬ್ಬವ್ವ? ನಿನಗೆ ಉಣ್ಣಿಸಿ ಸಾಕಿದವಳೇ?"

"ಅವಳೇ."

ಗುರುಗಳು ಸೌತೆಯ ಬಳ್ಳಿಗೆ ನೀರು ಹನಿಸುತ್ತಿದ್ದರು. ತಂಬಿಗೆ ಕೆಳಗಿಟ್ಟರು. ಕೇತ ಮುಂದುವರಿಸಿದ.

"ಇವತ್ತು ಮಂತ್ರಿಗಳು ಗುಟ್ಟಾಗಿ ಬಂದು ಕೈಯಿಟ್ಟು ಕೇಳಿದರು. ಅಡುಗೆಯ ಬೀಚಯ್ಯ ವಿಷ ಬೆರೆಸುವುದು ಕಂಡಿತು. ಆಮೇಲೆ ದಳವಾಯಿಗಳು ಬಂದು ಕೈಯಿಟ್ಟರು. ಮಂತ್ರಿಗಳೇ ಬೆರೆಸುವುದು ಕಂಡಿತು! ಹಾಲು ಒಂದು, ಬಟ್ಟಲು ಒಂದು. ಇಬ್ಬರು ಹೇಗೆ ಬೆರೆಸಿಯಾರು? ನನಗೆ ತಲೆಯೇ ಓಡುತ್ತಿಲ್ಲ."

"ಕಾಡಿಗೆ ಹಚ್ಚಿಕೋ," ಎಂದರು ಗುರುಗಳು.

ಕೇತ ಹಚ್ಚಿಕೊಂಡ. ಗುರುಗಳು ಅವನ ನೆತ್ತಿಯ ಮೇಲೆ ಕೈಯಿಟ್ಟರು.

"ಹಿತ್ತಲಿನ ಕುಂಬಳದ ಬಳ್ಳಿಯನ್ನು ಕಿತ್ತವರು ಯಾರು, ನೋಡು."

ಕೇತ ಉಗುರನ್ನು ದಿಟ್ಟಿಸಿದ. "ಬಾಚಣ್ಣ. ಬೇರುಸಹಿತ ಕೀಳುತ್ತಿದ್ದಾನೆ."

ಸೌದೆ ಹೊತ್ತು ಬರುತ್ತಿದ್ದ ಶಿಷ್ಯ ಬಾಚ ಅಲ್ಲೇ ನಿಂತ. "ಅಯ್ಯೋ ನನ್ನ ಶಿವನೇ! ಬೆಳಿಗ್ಗೆ ಅದಕ್ಕೆ ಗೊಬ್ಬರ ಹಾಕಿದವನು ನಾನು. ಅರಮನೆ ಊಟ ಮಾಡಿ ಕಣ್ಣು ಮಂಜಾಯಿತೇನೋ ನಿನಗೆ?"

ಕೇತ ಹಿತ್ತಲಿಗೆ ಓಡಿದ. ಬಳ್ಳಿ ಹಾಗೆಯೇ ಇತ್ತು. ಎರಡು ಹೂವೂ ಬಿಟ್ಟಿತ್ತು.

ತಿರುಗಿ ಬಂದು ನಿಂತ. "ಕಣ್ಣಾರೆ ಕಂಡೆನಲ್ಲ, ಗುರುಗಳೇ!"

"ಕಂಡಿರುತ್ತೀಯೆ. ಕೇಳುವಾಗ ನಾನು ಬಾಚನನ್ನು ನೆನೆದೆ."

ಕೇತನಿಗೆ ಕೂರಬೇಕೆನಿಸಿತು. ಕೂತ. ಮತ್ತೆ ಎದ್ದ.

"ಹಾಗಾದರೆ ಇಷ್ಟು ವರುಷ ನಾನು ಹೇಳಿದ ಹೆಸರುಗಳು?"

ಗುರುಗಳು ತಂಬಿಗೆ ಎತ್ತಿ ಉಳಿದ ನೀರನ್ನು ಬಳ್ಳಿಗೆ ಹನಿಸಿದರು.

"ಅದರಲ್ಲಿ ನಿಜವಾದ ಕಳ್ಳರೂ ಇದ್ದರೋ ಇಲ್ಲವೋ?"

"ಇದ್ದಿರಬಹುದು."

"ಮತ್ತೆ ನನಗೆ ಇದನ್ನು ಕಲಿಸಿದಿರೇಕೆ?"

"ಆಗ ನನಗೂ ತಿಳಿದಿರಲಿಲ್ಲ. ತಿಳಿದ ಮೇಲೆ ಅರಮನೆಗೆ ಬಂದೆ. ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದರು."

"ನಾಳೆ ನಾನು ಏನು ಹೇಳಲಿ?"

"ಕಂಡದ್ದನ್ನು ಹೇಳು."

"ಅರಸರ ಮನಸ್ಸಿನಲ್ಲಿರುವವಳು ಸಬ್ಬವ್ವ. ಅವರು ಕೈಯಿಟ್ಟರೆ ಅವಳೇ ಕಾಣುತ್ತಾಳೆ!"

"ಹಾಗಿದ್ದರೆ ಕೈ ಯಾರದೆಂಬುದನ್ನೂ ಹೇಳು."

ಮರುದಿನ ಸಭೆ ಸೇರಿತು. ಸಬ್ಬವ್ವನನ್ನು ತಂದು ನಿಲ್ಲಿಸಿದರು. ಅರಸ ಕೆಳಗಿಳಿದು ಬಂದು ಕೇತನ ನೆತ್ತಿಯ ಮೇಲೆ ಕೈಯಿಟ್ಟ.

ಕಪ್ಪಿನಲ್ಲಿ ಸಬ್ಬವ್ವ ಮೂಡಿದಳು. ಸೆರಗಿನ ಗಂಟು ಬಿಚ್ಚಿ ಬಟ್ಟಲಿಗೆ ಏನೋ ಉದುರಿಸಿದಳು. ಅವಳ ಬಳೆಯೂ ಕಂಡಿತು.

ಕೇತ ಉಗುರಿನಿಂದ ಕಣ್ಣೆತ್ತಿ ಸಬ್ಬವ್ವನನ್ನು ನೋಡಿದ.

ಸಬ್ಬವ್ವನೇ ಕೂಗಿ ಹೇಳಿದಳು: "ಹೇಳಪ್ಪಾ ಮಗನೇ, ಅಂಜಬೇಡ. ನಾನು ಮಾಡಿದ ನೆನಪು ನನಗಿಲ್ಲ. ಆದರೆ ನಿನಗೆ ಕಂಡಿತು ಅಂದರೆ ನಾನೇ ಮಾಡಿರಬೇಕು."

ಕೇತ ಹೆಬ್ಬೆರಳನ್ನು ಮೇಲೆತ್ತಿ ಹಿಡಿದ. "ಪ್ರಭು, ನಿಮ್ಮ ಕೈ ತೆಗೆಯಬೇಕು."

ಸಭೆಯಲ್ಲಿ ಗುಸುಗುಸು ಎದ್ದಿತು. ಅರಸ ಕೈ ತೆಗೆದ. ಉಗುರಿನ ಮೇಲೆ ಬರಿಯ ಮಸಿ ಉಳಿಯಿತು.

"ನಿಮ್ಮ ಕೈ ಇದ್ದಾಗ ಸಬ್ಬವ್ವ ಕಾಣುತ್ತಾಳೆ. ತೆಗೆದರೆ ಯಾರೂ ಕಾಣುವುದಿಲ್ಲ. ನನಗೆ ಕಾಣುವುದು ನಿಮ್ಮ ಸಂಶಯ, ಪ್ರಭು. ವಿಷ ಹಾಕಿದವರು ಯಾರೋ ನಾನರಿಯೆ."

ಮಂತ್ರಿ ಥಟ್ಟನೆ ನಕ್ಕ. "ಮೀಸೆ ಬಂತಲ್ಲ ಪ್ರಭು, ವಿದ್ಯೆ ಹೋಯಿತು. ಅಂಜನ ಎಳೆಯರಿಗೆ ಮಾತ್ರ ಒಲಿಯುವುದು."

ಅರಸ ನಗಲಿಲ್ಲ. ತನ್ನ ಅಂಗೈಯನ್ನು ನೋಡಿಕೊಂಡ. ಆಮೇಲೆ ಸಬ್ಬವ್ವನ ಕಟ್ಟು ಬಿಚ್ಚಿಸಿ, ಇನ್ನು ಅರಮನೆಯ ಹೊಸಿಲು ತುಳಿಯಬೇಡವೆಂದು ಮಗಳ ಊರಿಗೆ ಕಳುಹಿಸಿದ. ಕೇತನನ್ನೂ ಊಳಿಗದಿಂದ ಬಿಡಿಸಿದ.

ಸಬ್ಬವ್ವ ಹೋಗುವಾಗ ಕೇತನ ಕಡೆ ನೋಡಲಿಲ್ಲ. ಅವಳಿಗೆ ಸಿಟ್ಟೋ, ನಾಚಿಕೆಯೋ, ಅವನಿಗೆ ತಿಳಿಯಲಿಲ್ಲ.

ಹೊತ್ತು ಇಳಿಯುವ ವೇಳೆಗೆ ಅವನು ಹೊಳೆಯ ದಡಕ್ಕೆ ಬಂದ.

"ಅವಳು ಬದುಕಿದಳು, ಗುರುಗಳೇ."

"ಒಳ್ಳೆಯದಾಯಿತು."

"ಒಳ್ಳೆಯದೋ? ನಿಜವಾಗಿ ಅವಳೇ ಹಾಕಿದ್ದರೆ?"

"ಹಾಕಿರಬಹುದು."

"ಹಾಕದಿದ್ದರೆ, ಹಾಕಿದವನು ಇನ್ನೂ ಅರಮನೆಯಲ್ಲೇ ಇದ್ದಾನೆ!"

"ಇರಬಹುದು."

"ನೀವೂ ಹೀಗೆಂದರೆ ಹೇಗೆ? ನಾನು ಮಾಡಿದ್ದು ಸರಿಯೋ ತಪ್ಪೋ, ಅದನ್ನಾದರೂ ಹೇಳಿ. ನಿನ್ನೆಯವರೆಗೆ ಎಲ್ಲ ಗೊತ್ತಿತ್ತು. ಹೆಸರು ಹೇಳುತ್ತಿದ್ದೆ, ಉಣ್ಣುತ್ತಿದ್ದೆ, ಮಲಗುತ್ತಿದ್ದೆ. ಇನ್ನು ನನಗೆ ನಿದ್ದೆ ಹೇಗೆ ಬರಬೇಕು?"

ಗುರುಗಳು ಒಳಗಿನಿಂದ ಒಂದು ಚಾಪೆ ತಂದರು. ತಮ್ಮ ಚಾಪೆಯ ಪಕ್ಕದಲ್ಲಿ ಹಾಸಿದರು.

"ನೀನು ಅಲ್ಲಿ ನೆಮ್ಮದಿಯಾಗಿ ಮಲಗುತ್ತಿದ್ದಷ್ಟು ದಿನವೂ ನನಗೆ ಇಲ್ಲಿ ನಿದ್ದೆ ಇರಲಿಲ್ಲ, ಮಗು."