ಬಿಕ್ಕಳಿಕೆಗೆ ನೀರು ಯಾಕೆ ಕುಡಿಸುತ್ತಾರೆ

ಭೂಮಿ ಆಗಿನ್ನೂ ಹಸಿಯಾಗಿತ್ತು. ಬೆಟ್ಟಗಳಿಗೆ ಹೆಸರಿರಲಿಲ್ಲ. ನೆಲದ ಮೇಲೆ ಒಂದು ಹೆಜ್ಜೆಗುರುತೂ ಇರಲಿಲ್ಲ. ಇದ್ದವರೆಲ್ಲ ನೀರಿನಲ್ಲೇ ಇದ್ದರು.

ಆ ಕಾಲದಲ್ಲಿ ಒಂದು ಮಡು. ನಡುವೆ ತಂಪಾದ ಆಳ, ಅಂಚಿನಲ್ಲಿ ಬರೀ ಕೆಸರು. ಆಳದಲ್ಲಿ ಅಗಲ ರೆಕ್ಕೆಯ ದೊಡ್ಡ ಮೀನುಗಳಿದ್ದವು. ಕೆಸರಿನಲ್ಲಿ ಸಣ್ಣವರಿದ್ದರು. ಆಳವನ್ನು ದೊಡ್ಡವರಿಗೆ ಯಾರು ಕೊಟ್ಟರು? ಯಾರೂ ಕೊಡಲಿಲ್ಲ. ಮೊದಲು ಹೋಗಿ ಕೂತರು, ಆಮೇಲೆ ಬಂದವರನ್ನು ಬಾಲದಿಂದ ಹೊಡೆದರು. ಅದಕ್ಕೇ ಪದ್ಧತಿ ಎಂದು ಹೆಸರಿಟ್ಟರು.

ಕೆಸರಿನಲ್ಲಿ ಅಕ್ಕತಂಗಿ ಇಬ್ಬರಿದ್ದರು. ಅಕ್ಕನ ರೆಕ್ಕೆ ದಪ್ಪ, ಗಿಡ್ಡ, ಒಳಗೆ ಮೂಳೆ. ಆಳದವರು ಅವಳನ್ನು ಮೋಟಿ ಎಂದು ಆಡಿಕೊಂಡರು. ಆ ಹೆಸರೇ ಉಳಿಯಿತು. ತಂಗಿ ಸಣ್ಣಿ. ಅವಳ ರೆಕ್ಕೆ ನೀರಿನಷ್ಟೇ ತೆಳು.

ಕೆಸರಿನಲ್ಲಿ ಕಣ್ಣು ಕಾಣದು. ಅದಕ್ಕೆ ಅಲ್ಲಿನವರು ಒಂದು ರೂಢಿ ಮಾಡಿಕೊಂಡಿದ್ದರು. ಒಬ್ಬರು "ಇದ್ದೀಯಾ?" ಎಂದು ಕರೆಯಬೇಕು. ಕರೆಸಿಕೊಂಡವರು ತಟ್ಟನೆ ಗಂಟಲು ಬಿಗಿದು "ಹಿಕ್" ಅನ್ನಬೇಕು. ಹಿಕ್ ಅಂದರೆ ಇದ್ದೀನಿ. ಉತ್ತರ ಬಾರದಿದ್ದರೆ ಸತ್ತರು ಎಂದು ಅರ್ಥ. ಸತ್ತವರ ಹೆಸರನ್ನು ಮತ್ತೆ ಯಾರೂ ಕರೆಯುವಂತಿರಲಿಲ್ಲ.

"ಅಕ್ಕಾ, ಇದ್ದೀಯಾ?"

"ಹಿಕ್."

ದಿನವೆಲ್ಲ ಹೀಗೇ. ಸಣ್ಣಿಗೆ ಭಯ ಜಾಸ್ತಿ.

ಒಂದು ವರ್ಷ ಮಳೆ ತಡವಾಯಿತು. ಮಡು ಕುಗ್ಗಿತು. ಅಂಚಿನ ನೀರು ಕಾದು, ಸಣ್ಣಿಗೆ ಉಸಿರು ಕಟ್ಟತೊಡಗಿತು. ಮೋಟಿ ಆಳದ ಬಾಯಿಗೆ ಹೋಗಿ ಅಲ್ಲಿನ ಹಿರಿಯನನ್ನು ಕೇಳಿದಳು.

"ದೊಡ್ಡಪ್ಪಾ, ನನಗೆ ಬೇಡ. ನನ್ನ ತಂಗಿ ಒಬ್ಬಳಿಗೆ ಜಾಗ ಕೊಡಿ."

ಹಿರಿಯ ಮೀಸೆ ಅಲ್ಲಾಡಿಸಿದ. "ನಮಗೇ ಸಾಲದು ಮಗಳೇ. ತಾಳ್ಮೆ ಇರಲಿ. ಮಳೆ ಬರುತ್ತೆ."

"ಮಳೆ ಬರೋ ಹೊತ್ತಿಗೆ ನಾವು ಇರಬೇಕಲ್ಲ?"

"ಅಷ್ಟು ಅವಸರ ಇದ್ರೆ, ಆ ಮೋಟು ರೆಕ್ಕೆ ಈಜೋಕಂತೂ ಆಗಲ್ಲ, ನೆಲದ ಮೇಲೆ ಊರ್ಕೊಂಡು ಹೋಗು!"

ಆಳವೆಲ್ಲ ಗುಳ್ಳೆ ಗುಳ್ಳೆಯಾಗಿ ನಕ್ಕಿತು. ಮೋಟಿ ನಗಲಿಲ್ಲ. ಆ ಮಾತನ್ನೇ ಹೊತ್ತುಕೊಂಡು ಬಂದಳು.

"ಸಣ್ಣೀ, ದಿಬ್ಬದಾಚೆಯಿಂದ ತಣ್ಣನೆ ಗಾಳಿ ಬರ್ತಿದೆ. ಅಲ್ಲಿ ನೀರಿರಬೇಕು. ನೋಡ್ಕೊಂಡು ಬಂದು ನಿನ್ನ ಕರ್ಕೊಂಡು ಹೋಗ್ತೀನಿ."

"ನೀನು ಹೋದ್ರೆ ನಾನು ಯಾರನ್ನ ಕರೀಲಿ?"

"ನನ್ನನ್ನೇ ಕರಿ. ಎಲ್ಲಿದ್ರೂ ಓಗೊಡ್ತೀನಿ."

ಮೋಟಿ ರೆಕ್ಕೆ ಊರಿ ನೆಲಕ್ಕೆ ಹತ್ತಿದಳು. ಇಷ್ಟು ದಿನ ನೀರು ಹೊರುತ್ತಿದ್ದ ಮೈಯನ್ನು ಈಗ ಅವಳೇ ಹೊರಬೇಕು. ಹೊಟ್ಟೆ ತರಚಿತು. ಬಿಸಿಲಿಗೆ ಕಿವಿರು ಒಣಗಿತು. ದಿಬ್ಬದ ಮೇಲೆ ಗಾಳಿ ಅವಳನ್ನು ಸುತ್ತಿಕೊಂಡಿತು.

"ಯಾರೇ ನೀನು? ಇಲ್ಲಿ ಯಾರೂ ಇಲ್ಲ ಕಣೇ. ನಾನು ಎಷ್ಟು ಕೂಗಿದ್ರೂ ಕೇಳೋರಿಲ್ಲ."

"ನಾನು ಕೇಳ್ತಿದ್ದೀನಲ್ಲ."

"ಹಾಗಾದ್ರೆ ಇಲ್ಲೇ ಇದ್ದುಬಿಡು."

"ಇರೋಕೆ ಬಂದಿಲ್ಲ. ತಂಗಿಗೆ ನೀರು ಹುಡುಕೋಕೆ ಬಂದೆ."

ಗಾಳಿ ಅವಳ ಸುತ್ತ ಇನ್ನೊಂದು ಸುತ್ತು ಹಾಕಿತು. ಆಮೇಲೆ ಅವಳ ಬಾಯೊಳಗೆ ಹೊಕ್ಕು ಎದೆ ತುಂಬಿತು. "ಹಾಗಾದ್ರೆ ನನ್ನನ್ನ ಇಟ್ಕೊಂಡು ಹೋಗು. ಸಾಯಬೇಡ."

ಆಗ ದೂರದ ಮಡುವಿನಿಂದ ಕರೆ ಬಂತು. ಅದು ಕಿವಿಗೆ ಕೇಳಲಿಲ್ಲ, ಎದೆಗೆ ಬಡಿಯಿತು. ಅಕ್ಕಾ, ಇದ್ದೀಯಾ?

"ಹಿಕ್," ಎಂದಳು ಮೋಟಿ. ಗಾಳಿಯಲ್ಲಿ ಆಡಿದ ಮಾತು ನೀರಿನೊಳಗೆ ಇಳಿಯದು ಎಂದು ಅವಳಿಗೆ ಗೊತ್ತಿರಲಿಲ್ಲ.

ದಿಬ್ಬದಾಚೆ ನಿಜವಾಗಿಯೂ ನೀರಿತ್ತು. ತಿಳಿನೀರು, ತಳ ಕಾಣುವಷ್ಟು. ಅಲ್ಲಿ ಬಾಲದಿಂದ ಹೊಡೆಯುವವರು ಒಬ್ಬರೂ ಇರಲಿಲ್ಲ. ಬೇರೆಯವರೂ ಒಬ್ಬರೂ ಇರಲಿಲ್ಲ. ಮೋಟಿ ದಡದಲ್ಲಿ ನಿಂತು "ಇದ್ದೀಯಾ?" ಎಂದಳು. ಅಷ್ಟು ನೀರಿನಿಂದ ಒಂದೂ ಉತ್ತರ ಬರಲಿಲ್ಲ. ಅವಳು ಬಂದ ದಾರಿಯಲ್ಲೇ ತಿರುಗಿದಳು.

ಹಿಂತಿರುಗುವ ದಾರಿಯಲ್ಲಿ ಮಳೆ ಸುರಿಯಿತು. ಮಡು ತುಂಬಿತು. ಮೋಟಿ ರೆಕ್ಕೆ ಊರುತ್ತ ಅವಸರವಾಗಿ ಬಂದು ನೀರಿಗೆ ತಲೆ ಹಾಕಿದಳು. ಉಸಿರು ಸಿಕ್ಕಿಕೊಂಡಿತು. ಒಣಗಿದ ಕಿವಿರಿನ ಮೇಲೆ ಚರ್ಮ ಬೆಳೆದು ಮುಚ್ಚಿತ್ತು. ಮತ್ತೆ ಮುಳುಗಿದಳು, ಮತ್ತೆ ಕೆಮ್ಮುತ್ತ ಎದ್ದಳು. ಹುಟ್ಟಿದ ನೀರೇ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ನೀರೊಳಗೆ ಹಿರಿಯ ಸಣ್ಣಿಗೆ ಬುದ್ಧಿ ಹೇಳುತ್ತಿದ್ದ. "ನೆಲಕ್ಕೆ ಹೋದವಳು ಸತ್ತಳು. ಉತ್ತರವಿಲ್ಲದವರ ಹೆಸರು ಬಿಡಬೇಕು. ಇದು ನಿಮ್ಮದೇ ರೂಢಿ ಅಲ್ವಾ?"

"ನಮ್ಮ ರೂಢಿ ನಮಗೆ ಹೇಳಿಕೊಡೋಕೆ ಬಂದ್ರಾ? ಜಾಗ ಕೇಳಿದಾಗ ಎಲ್ಲಿ ಹೋಗಿತ್ತು ಈ ಬಾಯಿ? ನಾನು ಬಿಡಲ್ಲ. ಅಕ್ಕಾ, ಇದ್ದೀಯಾ? ಅಕ್ಕಾ, ಇದ್ದೀಯಾ?"

ದಡದಲ್ಲಿ ಮೋಟಿಯ ಮೈಯೆಲ್ಲ ಕುಲುಕಿತು. ಹಿಕ್. ಹಿಕ್. ಹಿಕ್. ಒಂದೂ ಒಳಗಿಳಿಯಲಿಲ್ಲ. ಸಣ್ಣಿಯ ದನಿ ಸೋಲತೊಡಗಿತು.

ಮೋಟಿಯ ಗಂಟಲು ಒಣಗಿತು. ಬಾಗಿ, ಬಾಯಿ ಅದ್ದಿ, ಒಂದು ಗುಟುಕು ನೀರು ಕುಡಿದಳು. ಕುಡಿಯುವಾಗಲೇ ಹಿಕ್ ಬಂತು. ಈ ಸಲ ಅದು ನೀರಿನೊಳಗೇ ಬಿತ್ತು.

"ಇದ್ದಾಳೆ!" ಸಣ್ಣಿ ಕೂಗಿದಳು. "ಕೇಳಿಸ್ತಾ? ನಮ್ಮಕ್ಕ ಇದ್ದಾಳೆ!"

ಹಿರಿಯ ಬಾಲ ತಿರುಗಿಸಿ ಆಳಕ್ಕೆ ಇಳಿದ. ಸಣ್ಣಿ ಕರೆಯುವುದನ್ನು ನಿಲ್ಲಿಸಿದಳು. ಮೋಟಿಯ ಎದೆ ಹಗುರಾಯಿತು.

ಆದರೆ ತೆಳು ರೆಕ್ಕೆಯ ತಂಗಿ ಮೇಲೆ ಬರುವಂತಿರಲಿಲ್ಲ. ಕಿವಿರು ಮುಚ್ಚಿದ ಅಕ್ಕ ಕೆಳಗೆ ಇಳಿಯುವಂತಿರಲಿಲ್ಲ. ಒಬ್ಬಳು ದಡದಲ್ಲಿ, ಒಬ್ಬಳು ನೀರಲ್ಲಿ, ನಡುವೆ ನೀರಿನ ಒಂದು ಪೊರೆ. ಬದುಕಿರುವ ತನಕ ಇಬ್ಬರೂ ಹಾಗೇ ಕರೆದರು, ಓಗೊಟ್ಟರು.

ಮೋಟಿಯ ದಾರಿ ಹಿಡಿದು ಆಮೇಲೆ ಇನ್ನೂ ಕೆಲವರು ಹತ್ತಿ ಬಂದರು, ಎಲ್ಲರೂ ಕೆಸರಿನವರೇ. ಅವರ ಮಕ್ಕಳಿಗೆ ಕಾಲು ಬಂತು, ಕೈ ಬಂತು, ಮಾತು ಬಂತು. ನೆನಪು ಮಾತ್ರ ಹೋಯಿತು. ಸಣ್ಣಿಯ ಮಕ್ಕಳು ಈಗಲೂ ನೀರಿನಲ್ಲಿದ್ದಾರೆ. ಅವರು ಮರೆತಿಲ್ಲ.

ಮಗೂ, ನೀನು ಉಣ್ಣಲು ಕೂತಾಗ ಸುಮ್ಮಸುಮ್ಮನೆ ಹಿಕ್ ಅನ್ನುತ್ತೀಯ. "ಯಾರೋ ನೆನೆಸಿಕೊಳ್ತಿದ್ದಾರೆ" ಎಂದು ಮನೆಯವರು ಅತ್ತೆಯ ಹೆಸರು, ಮಾವನ ಹೆಸರು ಹೇಳಿ ನೋಡುತ್ತಾರೆ. ಅವರು ಯಾರೂ ಅಲ್ಲ. ಕರೆಯುತ್ತಿರುವವರು ಅವರಿಗಿಂತ ಹಳಬರು. ಅದಕ್ಕೇ ಒಂದು ಲೋಟ ನೀರು ಕುಡಿದರೆ, ನೀನಿದ್ದೀಯ ಎಂಬ ಉತ್ತರ ನೀರಿಗೆ ಮುಟ್ಟಿ, ನಿನ್ನ ಬಿಕ್ಕಳಿಕೆ ಇವತ್ತಿಗೂ ನಿಲ್ಲುತ್ತದೆ.