ಹಿಕಮತ್ತಿನ ಬಾವಿ

ಕಾರಬೇವಿನಾಳದ ಅಗಸೆ ಬಾಗಿಲು ದಾಟಿ ಬಲಕ್ಕೆ ಹೊರಳಿದರೆ ಕರಿಗಲ್ಲಿನ ಮೆಟ್ಟಿಲುಗಳುಳ್ಳ ಹಳೆಯ ಬಾವಿಯೊಂದು ಸಿಗುತ್ತದೆ. ಪಂಚಾಯತಿಯವರು ನೆಟ್ಟ ತಗಡಿನ ಫಲಕದಲ್ಲಿ ‘ಹಿಕಮತ್ತಿನ ಬಾವಿ’ ಎಂದಿದೆ. ಹಿಕಮತ್ತು ಎಂಬವರು ಯಾರೋ ಸತ್ಪುರುಷರಿರಬೇಕೆಂದು ಪರವೂರಿನವರು ದಂಡೆಯ ಮೇಲೆ ಸಕ್ಕರೆ ಇಟ್ಟು ಕೈಮುಗಿದು ಹೋಗುವುದುಂಟು, ಇರುವೆಗಳಿಗೆ ಅನುಕೂಲವಾಗಿದೆ. ಆದರೆ ಈ ಹೆಸರು ಮನುಷ್ಯನದಲ್ಲ, ಒಂದು ಉಪಾಯದ್ದು ಎನ್ನುತ್ತಾರೆ ಊರಿನ ಹಿರಿಯರು.

ಹಿಂದೆ ಒಮ್ಮೆ, ಸುಲ್ತಾನರ ಆಳ್ವಿಕೆಯಲ್ಲಿ, ಈ ಬಾವಿಯಲ್ಲಿ ಮೊದಲು ಯಾರು ನೀರು ಸೇದಬೇಕೆಂದು ಮೇಲೋಣಿಗೂ ಕೆಳಗೋಣಿಗೂ ಜಗಳ ಹತ್ತಿ ಮೂರು ತಲೆ ಒಡೆದವು. ಊರಗೌಡ ಭರಮನಗೌಡ ಬಾವಿಗೆ ಜಾಲಿಮುಳ್ಳು ಬಡಿಸಿ, ತೀರ್ಪು ಹೇಳಲು ಒಬ್ಬ ಹಾಕಿಮನನ್ನು, ಅಂದರೆ ಅಧಿಕಾರಿಯನ್ನು, ಕಳಿಸಬೇಕೆಂದು ಸುಬೇದಾರನಿಗೆ ಹೇಳಿಕಳಿಸಿದ. ಸುದ್ದಿ ಒಯ್ದ ತಳವಾರನ ನಾಲಿಗೆಯ ಮೇಲೆ ಹಾಕಿಮನು ಹಕೀಮನಾದ. ಊರಿಗೆ ಬೇನೆ ಬಂದಿದೆಯೆಂದು ತಿಳಿದ ಕಚೇರಿಯವರು ಮೊಹ್ಸಿನುದ್ದೀನನೆಂಬ ವೈದ್ಯನನ್ನು ಹೇಸರಗತ್ತೆಯ ಮೇಲೆ ಕೂರಿಸಿ ಕಳಿಸಿದರು.

ಕಟ್ಟೆಯ ಮೇಲೆ ಕಂಬಳಿ ಹಾಸಿ, ಓಣಿಗೊಂದು ಗುಂಪಾಗಿ, ಬಡಿಗೆ ಹಿಡಿದ ಜನ ಕಾದಿದ್ದರು. ಹಕೀಮ ಕುಳಿತವನೇ ವಾಡಿಕೆಯಂತೆ “ನಾಲಿಗೆ ತೋರಿಸ್ರಿ” ಎಂದ. ಸುಳ್ಳು ಹೇಳುವವರನ್ನು ಹಿಡಿಯುವ ಸರಕಾರಿ ಪರೀಕ್ಷೆ ಇದೆಂದು ಬಗೆದು ಊರಿಗೆ ಊರೇ ನಾಲಿಗೆ ಚಾಚಿತು. ಭರಮನಗೌಡ ಮಾತ್ರ ಅರ್ಧ ಚಾಚಿದ. ಎಲ್ಲರ ನಾಡಿಯನ್ನೂ ನೋಡಿದ ಮೇಲೆ ಗೌಡ ಕೈಮುಗಿದು, “ಹುಕುಂ ಕೊಡ್ರಿ ಸಾಹೇಬರ, ಯಾವ ಓಣಿ ಮೊದಲು?” ಎಂದಾಗಲೇ ಹಕೀಮನಿಗೆ ತಾನು ಬಂದು ಬಿದ್ದಿರುವ ಹಳ್ಳ ಎಂಥದೆಂದು ಹೊಳೆದದ್ದು. ಅಧಿಕಾರವಿಲ್ಲದೆ ಹುಕುಂ ಹೊರಡಿಸಿದವನ ಕೈ ಕಡಿಯುತ್ತಿದ್ದ ಕಾಲವದು. ನಾಡಿ ಹಿಡಿಯುವವನಿಗೆ ಕೈಯೇ ಹೋದರೆ ಉಳಿಯುವುದೇನು? ತಾನು ಬರೀ ವೈದ್ಯನೆಂದು ಎದ್ದು ಹೋದರೆ, ಬಡಿಗೆಗಳು ಅಲ್ಲಿಯೇ ಏಳುವಂತಿದ್ದವು. ಆದರೆ ನೋಡಿದ ನಾಡಿಗಳೆಲ್ಲ ಒಂದೇ ಮಾತು ಹೇಳಿದ್ದವು: ಬಾವಿ ಮುಚ್ಚಿದಂದಿನಿಂದ ಹಳ್ಳದ ಸವುಳು ನೀರು ಕುಡಿದು ಎರಡೂ ಓಣಿಯವರ ಹೊಟ್ಟೆ ಕೆಟ್ಟಿತ್ತು.

“ನಾನು ಹುಕುಂ ಕೊಡಾಂವಲ್ಲ, ಔಷಧ ಕೊಡಾಂವ” ಎಂದು ಅವನು ಅಜವಾನದ ಪುಡಿಯ ಪೊಟ್ಟಣ ಬಿಚ್ಚಿದ. “ಇದನ್ನ ಬಾವಿ ನೀರಿನಾಗ ಕುಡೀಬೇಕು. ತಾನ ಸೇದಿಕೊಂಡ ನೀರಾದರ ಹತ್ತೂದಿಲ್ಲ. ಎದುರಿನ ಓಣಿಯವರು ಸೇದಿ ಹಾಕಿದ್ದ ಆಗಬೇಕು. ನಲವತ್ತು ದಿನದ ಪಥ್ಯ. ಅದು ಮುಗಿಯೂತನಕ ನಾನೂ ಇಲ್ಲೇ ಇರತೇನಿ.”

“ಇದೆಂಥಾ ಔಷಧರೀ!” ಎಂದು ಗೌಡ ಗೊಣಗಿದ. ಆದರೆ ಅಷ್ಟರಲ್ಲಿ ಹೊಟ್ಟೆ ಹಿಂಡಿದ್ದರಿಂದ ಅವನೇ ಮೊದಲು ಮುಳ್ಳು ಕಿತ್ತ. ಮೊದಲ ವಾರ ಜನ ಮುಖ ತಿರುವಿಕೊಂಡೇ ಒಬ್ಬರ ಕೊಡಕ್ಕೆ ಒಬ್ಬರು ನೀರು ಸುರಿದರು. ಅರ್ಧ ನೀರು ನೆಲಕ್ಕೆ ಹೋಯಿತು. ಎರಡನೆಯ ವಾರ, ಸರಿಯಾಗಿ ಹಾಕೆಂದು ಬೈಯಲು ಬಾಯಿ ಬಿಟ್ಟರು. ಬೈಗುಳ ನಿಧಾನವಾಗಿ ಹರಟೆಯಾಯಿತು. ಈ ನಡುವೆ ಗೌಡ ಗುಟ್ಟಾಗಿ ಕಳಿಸಿದ್ದ ಎರಡನೆಯ ಸುದ್ದಿ ತಲುಪಿ, ನಲವತ್ತನೆಯ ದಿನ ನಿಜವಾದ ಹಾಕಿಮ ಕುದುರೆಯೇರಿ ಬಂದ. ನೋಡಿದರೆ ಜಗಳವೇ ಇಲ್ಲ.

“ಇಲ್ಲಿ ಹುಕುಂ ಕೊಟ್ಟವ ಯಾರು?” ಎಂದು ಅವನು ಗುಡುಗಿದ.

ಹಕೀಮ ಎರಡೂ ಕೈಗಳನ್ನು ಅಂಗಿಯ ತೋಳಿನೊಳಗೆ ಅಡಗಿಸಿಕೊಂಡು ಹೇಳಿದ: “ಹುಕುಂ ಅಲ್ಲ ಹುಜೂರ್, ಬರೀ ಹಿಕಮತ್ತು.”

ಅರಬ್ಬಿ ಓದಿದ್ದ ಹಾಕಿಮನಿಗೆ ನಗು ತಡೆಯಲಾಗಲಿಲ್ಲ. “ಹುಕುಂ, ಹಾಕಿಮ, ಹಕೀಮ, ಹಿಕಮತ್ತು, ಎಲ್ಲಾ ಒಂದೇ ಬೇರಿನ ಟೊಂಗಿಗಳು. ಇಗೋ, ಈ ಕಡಿವಾಣಕ್ಕೂ ಅರಬ್ಬಿಯಲ್ಲಿ ಅದೇ ಬೇರು” ಎಂದು ಕುದುರೆಯ ಬಾಯಿ ತಟ್ಟಿದ. “ನನ್ನ ಕಡಿವಾಣಕ್ಕಿಂತ ನಿನ್ನದು ಮೆತ್ತಗಿದೆ. ಕೈ ಹೊರಗೆ ತೆಗೆ, ನನ್ನ ನಾಡಿಯನ್ನೂ ನೋಡು.” ಅಂದು ಹಾಕಿಮನಿಗೂ ಒಂದು ಪೊಟ್ಟಣ ಸಿಕ್ಕಿತು; ಅವನಿಗೆ ನೀರು ಸೇದಿ ಹಾಕಿದ್ದು ಗೌಡನೇ ಎನ್ನುತ್ತಾರೆ.

ಈಗ ಊರಿಗೆ ನಳ ಬಂದಿದೆ. ಆದರೂ ಬೇಸಿಗೆಯಲ್ಲಿ ಬಾವಿಗೆ ಬರುವವರು ತಮ್ಮ ಕೊಡ ತಾವೇ ತುಂಬಿಕೊಳ್ಳುವುದಿಲ್ಲ. ಸಂಪ್ರದಾಯ ತಿಳಿಯದ ಪ್ರವಾಸಿ ಹಗ್ಗಕ್ಕೆ ಕೈ ಹಾಕಿದರೆ, ದಂಡೆಯ ಮೇಲೆ ಕುಳಿತ ಮುದುಕಿಯೊಬ್ಬಳು ತಡೆದು, “ಮೊದಲು ನನಗ ಸೇದಿ ಹಾಕಪ್ಪಾ, ಆಮ್ಯಾಲ ನಿನ್ನ ಬಾಯಾರಿಕಿ ನೋಡೂಣು” ಎನ್ನುತ್ತಾಳೆ.